ಅವರನ್ನಿಟ್ಟ ಜಾಗ

ತುರುವೇಕೆರೆಯಲ್ಲಿ ಬಸ್ಸು ಹತ್ತಿ ಕೂತಾಗ ಪಕ್ಕದವರು ಸ್ವಲ್ಪ ಮಾತಿನವರಾಗಿಬಿಟ್ಟರೆ ಮುಗಿಯಿತು. ಮಾಯಸಂದ್ರ ಬರುವುದರೊಳಗೆ ಮಾತು ಮಳೆ, ಮಂಡಿನೋವು, ಕೊಬ್ಬರಿ ರೇಟು ಎಲ್ಲವನ್ನೂ ಸುತ್ತಿಕೊಂಡು ಕೊರೊನಾಕ್ಕೆ ಬಂದು ನಿಲ್ಲುತ್ತದೆ. "ಆ ಎರಡನೇ ಅಲೆ ಬಂತಲ್ರೀ, ಆವಾಗ ನೀವು ಎಲ್ಲಿದ್ರಿ?" ಎಲ್ಲರ ಹತ್ತಿರವೂ ಒಂದೊಂದು ಕಥೆ ಇರುತ್ತದೆ. ಒಬ್ಬಾಕೆ ತವರಿಗೆ ಎರಡು ದಿನಕ್ಕೆಂದು ಹೋಗಿ ಎರಡು ತಿಂಗಳು ಸಿಕ್ಕಿಹಾಕಿಕೊಂಡು, ನಾದಿನಿಯ ಜೊತೆ ಮಾತು ಬಿಟ್ಟು ವಾಪಸು ಬಂದಳಂತೆ. ಇನ್ನೊಬ್ಬರು ಮಗಳ ಮದುವೆಗೆ ಮಾಡಿಸಿದ್ದ ಲಾಡನ್ನು ಮನೆಯವರೇ ತಿಂಗಳುಗಟ್ಟಲೆ ತಿಂದರಂತೆ. ಹೇಳುತ್ತಾ ಹೇಳುತ್ತಾ ನಗುತ್ತಾರೆ, ಆಮೇಲೆ ಸತ್ತವರ ಹೆಸರು ಹೇಳಿ ಸುಮ್ಮನಾಗುತ್ತಾರೆ. ನನ್ನ ಸರದಿ ಬಂದಾಗ ನಾನು "ಹಾಸ್ಟೆಲಲ್ಲಿದ್ದೆ" ಎಂದಷ್ಟೇ ಹೇಳಿ ಕಿಟಕಿ ಕಡೆ ತಿರುಗುತ್ತೇನೆ. ಈ ವಯಸ್ಸಿಗೆ ಎಂಥಾ ಹಾಸ್ಟೆಲ್ಲಪ್ಪ ಎಂದು ಅವರು ನನ್ನ ಮುಖ ನೋಡುತ್ತಾರೆ. ನೋಡಿಕೊಳ್ಳಲಿ.

ನಾನು ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ಮಕ್ಕಳನ್ನು ಗದರಿ ಗದರಿ ನನ್ನ ನಾಲಿಗೆ ಜೋರಾಯಿತೋ, ಹುಟ್ಟಿದ್ದೇ ಹಾಗೋ ಗೊತ್ತಿಲ್ಲ. ನಮ್ಮ ಯಜಮಾನರು ಮಾತ್ರ ಮೆತ್ತಗಿನವರು. ನಮಗೆ ಮಕ್ಕಳಾಗಲಿಲ್ಲ. ಮನೆ, ಮನೆಯ ಹಿಂದೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ನಾವಿಬ್ಬರು. ಅವರು ದಿನಾ ಅಟ್ಟ ಹತ್ತಿ ಒಂದೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುತ್ತಿದ್ದರು. ಒಳಗೆ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಅಂದರೆ ಕೊಬ್ಬರಿ ಆಯಿತೆಂದು ಲೆಕ್ಕ. "ಕಾಯಿ ಜೊತೆ ಮಾತಾಡಿದ್ದು ಸಾಕು, ಇಳಿದು ಬಂದು ನನ್ನ ಜೊತೆ ಎಲ್ಡು ಮಾತಾಡ್ರಿ" ಎಂದು ನಾನು ಕೆಳಗಿನಿಂದ ಕೂಗಬೇಕಾಗಿತ್ತು.

ನಮ್ಮಿಬ್ಬರಿಗೂ ಜ್ವರ ಒಟ್ಟಿಗೇ ಬಂತು. ನನಗೆ ಇಳಿಯಿತು, ಅವರಿಗೆ ಉಸಿರು ಕಟ್ಟತೊಡಗಿತು. ಫೋನು ಮಾಡಿ ಮಾಡಿ ಕೊನೆಗೊಂದು ಆಂಬುಲೆನ್ಸ್ ಮನೆ ಮುಂದೆ ಬಂದು ನಿಂತಾಗ ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗವಿದ್ದ ಬೆಳ್ಳಿಯ ಕರಡಿಗೆ. ಅವರ ತಾತನ ಕಾಲದ ಗಟ್ಟಿ ಬೆಳ್ಳಿ. ಆಸ್ಪತ್ರೆಗೆ ಹೋದವರ ಮೈಮೇಲಿನ ಒಡವೆ ಉಳಿಯುವುದಿಲ್ಲ ಎಂದು ಆಗ ಊರ ತುಂಬ ಸುದ್ದಿ. ಯಾರು ಕಂಡಿದ್ದರೋ, ಯಾರಿಗೆ ಹೇಳಿದ್ದರೋ, ನಾನಂತೂ ನಂಬಿದ್ದೆ. ಹತ್ತಿರ ಹೋಗಿ ಶಿವದಾರವನ್ನು ತಲೆಯ ಮೇಲಿಂದ ಎಳೆದುಕೊಂಡೆ.

"ಇರ್ಲಿ ಬುಡೇ" ಎಂದರು.

"ಬೆಳ್ಳಿ ಕಣ್ರೀ. ಯಾರಾನ ಹೊಡ್ಕಂಡ್ರೆ? ಎಲ್ಡು ದಿನ ಅಷ್ಟೇಯ, ಬಂದು ಹಾಕ್ಕಳಿ."

ಮಾತಾಡಲು ಅವರಿಗೆ ಉಸಿರಿರಲಿಲ್ಲ. ಬರಿದಾದ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಗಾಡಿ ಹತ್ತಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಜೊತೆ ಒಂದು ವಾದವನ್ನೂ ಗೆದ್ದವರಲ್ಲ ಅವರು. ಅವತ್ತೊಂದು ದಿನವಾದರೂ ಗೆಲ್ಲಬಾರದಿತ್ತೇ.

ನಮ್ಮಲ್ಲಿ ಲಿಂಗ ಮೈಮೇಲಿಲ್ಲದೆ ಒಂದು ತುತ್ತು ಅನ್ನವನ್ನೂ ಮುಟ್ಟದ ಹಿರಿಯರಿದ್ದರು. ಸತ್ತವರನ್ನು ನಾವು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಅವರವರ ತೋಟದಲ್ಲೇ ಗುಂಡಿ ತೆಗೆದು, ವಿಭೂತಿ ಬಳಿದು, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಕೂರಿಸಿ, ಬಿಲ್ವಪತ್ರೆ ಹಾಕಿ, ಐನೋರು ಮಂತ್ರ ಹೇಳಿದ ಮೇಲೆ ಸ್ವಂತದವರು ಮೂರು ಮೂರು ಹಿಡಿ ಮಣ್ಣು ಹಾಕಬೇಕು. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೂ ಜೊತೆಗೆ ಹೋಗಬೇಕು. ಅದನ್ನು ನಾನು ಬೆಳ್ಳಿಯ ಆಸೆಗೆ ತೆಗೆದು ಬೀರುವಿನಲ್ಲಿಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಾರನೇ ದಿನ ನನ್ನನ್ನೂ ಕರೆದುಕೊಂಡು ಹೋಗಿ ಹಾಸ್ಟೆಲಿನಲ್ಲಿ ಹಾಕಿದರು. ಓದುವ ಮಕ್ಕಳನ್ನು ಊರಿಗೆ ಕಳಿಸಿ ಸೋಂಕಿನವರಿಗೆಂದು ಬಿಟ್ಟಿದ್ದ ಕಟ್ಟಡ. ನನ್ನ ಮಂಚದ ಪಕ್ಕದ ಗೋಡೆಯಲ್ಲಿ ತಿಂಡಿಯ ಪಟ್ಟಿ ಅಂಟಿಸಿತ್ತು: ಸೋಮವಾರ ಉಪ್ಪಿಟ್ಟು, ಮಂಗಳವಾರ ಪುಳಿಯೋಗರೆ. ಆ ಪಟ್ಟಿಯನ್ನು ನಾನು ಎಷ್ಟು ಸಲ ಓದಿದೆನೋ ಶಿವನಿಗೇ ಗೊತ್ತು. ಐದನೇ ದಿನ ಬೆಳಿಗ್ಗೆ ನನ್ನ ಮೈದುನ ಫೋನು ಮಾಡಿದ. ಅವನು ನಮ್ಮ ಯಜಮಾನರಿಗೆ ಒಬ್ಬನೇ ತಮ್ಮ; ನಮ್ಮ ಮನೆಯಿಂದ ಮೂರನೆಯದು ಅವನ ಮನೆ.

"ಅತ್ಗೆ... ಅಣ್ಣ ಹೋಗ್ಬುಟ್ಟ ಕಣತ್ಗೆ."

ನಾನು ಅಳಲಿಲ್ಲ. ಅಳು ಆಮೇಲೆ ಬಂತು, ಬಂದದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ. ಆಗ ತಲೆಯಲ್ಲಿ ಇದ್ದದ್ದು ಒಂದೇ: ಅವರು ಬರೀ ಕೊರಳಲ್ಲಿ ಹೋದರು. "ನಾನು ಬರಂಗಿಲ್ಲ, ಇವ್ರು ಬಿಡಲ್ಲ. ನೀನು ಮುಂದೆ ನಿಂತ್ಕಳಪ್ಪ" ಎಂದೆ. "ಅಪ್ಪಯ್ಯನ ಪಕ್ಕದಲ್ಲೇ ಇಡ್ಸು. ದೂರದಿಂದಲಾದ್ರೂ ಸರಿ, ಮೂರು ಹಿಡಿ ಮಣ್ಣು ನೀನೇ ಹಾಕ್ಬೇಕು. ಅವ್ರಿಗೆ ನಮ್ಮೋರು ಅಂತ ಒಬ್ರಾದ್ರೂ ಇರ್ಬೇಕು ಕಣೋ."

"ಆಯ್ತತ್ಗೆ" ಎಂದ. ಸಂಜೆ ಮತ್ತೆ ಫೋನು ಮಾಡಿ, "ಎಲ್ಲಾ ಆಯ್ತು. ಹಾಕ್ದೆ" ಎಂದ. ದನಿ ಸತ್ತುಹೋಗಿತ್ತು. ಅಣ್ಣನನ್ನು ಮಣ್ಣಿಗಿಟ್ಟು ಬಂದವನ ದನಿ ಇನ್ನು ಹೇಗಿರುತ್ತದೆ ಎಂದುಕೊಂಡೆ.

ಹಾಸ್ಟೆಲಿನಿಂದ ಬಿಟ್ಟ ದಿನ ಮನೆ ಬೀಗವನ್ನೂ ತೆಗೆಯದೆ ನೇರ ತೋಟಕ್ಕೆ ಹೋದೆ. ಮೈದುನ ಬದುವಿನ ಆಚೆ ನಿಂತು ಕೈ ತೋರಿಸಿದ. ಈಶಾನ್ಯದ ಮೂಲೆಯಲ್ಲಿ ನಮ್ಮ ಮಾವನವರ ಗದ್ದಿಗೆ, ಅದರ ಪಕ್ಕದಲ್ಲಿ ಹೊಸ ಮಣ್ಣಿನ ದಿಬ್ಬ. ಅವನು ಹೋದ ಮೇಲೆ ಬೀರುವಿನಿಂದ ಕರಡಿಗೆ ತಂದೆ. ಕುಡುಗೋಲಿನಿಂದ ಕೆದಕಿ, ಮೊಳಕೈ ಹೋಗುವಷ್ಟು ತೋಡಿ, ಬೆಳ್ಳಿಯ ಸಮೇತ ಅದನ್ನು ಅಲ್ಲಿಟ್ಟು ಮುಚ್ಚಿದೆ. ಹಾಳಾದ ಬೆಳ್ಳಿ, ಮಣ್ಣಿಗೇ ಹೋಗಲಿ. "ತಗಳ್ರಿ, ನಿಮ್ಮದು ನಿಮಗೆ ಸೇರ್ತು" ಎಂದೆ. ಎದೆಯ ಮೇಲಿದ್ದ ಕಲ್ಲು ಒಂದಿಷ್ಟು ಸರಿಯಿತು. ತಡವಾದರೂ ತಲುಪಿಸಿದೆನಲ್ಲ ಎಂಬುದೊಂದೇ ನನ್ನನ್ನು ಆಮೇಲೆ ಊಟ ಮಾಡಿಸಿದ್ದು, ನಿದ್ದೆ ಮಾಡಿಸಿದ್ದು.

ಆಮೇಲೆ ನಾಲ್ಕು ವರ್ಷ, ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಮೂಲೆಗೆ ಹೋಗುತ್ತಿದ್ದೆ. ಮೈದುನ ತಾನೇ ಕಲ್ಲು ಹೊತ್ತು ಚಿಕ್ಕದೊಂದು ಗದ್ದಿಗೆ ಕಟ್ಟಿ, ದೀಪಕ್ಕೆ ಗೂಡು ಬಿಟ್ಟಿದ್ದ. ದೀಪ ಹಚ್ಚಿ ಕೂತು ಮಾತಾಡುತ್ತಿದ್ದೆ. ಮನೆಯೊಳಗೆ ಮಾತಾಡಲು ಯಾರಿದ್ದಾರೆ? ಟೀವಿ ಅದರ ಪಾಡಿಗೆ ಅರಚುತ್ತದೆ. ತೋಟದಲ್ಲಿ ಒಣ ಗರಿಯೊಂದು ದಪ್ ಎಂದು ಬಿದ್ದರೆ "ಯಾರೂ?" ಎಂದು ಕೇಳಿ, ಉತ್ತರಕ್ಕೆ ಒಂದು ಗಳಿಗೆ ಕಾಯುತ್ತೇನೆ, ಅಷ್ಟು ಒಂಟಿತನ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೂರು ದಿನ ನಾನೇ ತಿನ್ನಬೇಕು. ಅದಕ್ಕೇ ಎಲ್ಲವನ್ನೂ ಅವರಿಗೆ ಹೋಗಿ ಹೇಳುತ್ತಿದ್ದೆ. ಕರಿ ಹಸು ಕರು ಹಾಕಿತು ಕಣ್ರೀ. ಕೊಬ್ಬರಿಗೆ ನಾವು ಕಂಡಿರದ ರೇಟು ಬಂತು, ನೀವಿರಬೇಕಾಗಿತ್ತು. ನನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಒಂದೊಂದು ದಿನ ಬೈಯುತ್ತಲೂ ಇದ್ದೆ, ನನ್ನೊಬ್ಬಳನ್ನೇ ಬಿಟ್ಟು ಹೋದಿರಲ್ಲ ಎಂದು. ಬೈದ ದಿನ ಮನಸ್ಸು ಹೆಚ್ಚು ಹಗುರಾಗುತ್ತಿತ್ತು.

ಮೈದುನನ ವಿಷಯವನ್ನೂ ಹೇಳಬೇಕು. ನಾನು ಕೇಳದೆ ಅವನು ನನ್ನ ತೋಟದ ಕಾಯಿ ಕೆಡವಿಸುತ್ತಿದ್ದ, ಅಟ್ಟಕ್ಕೆ ಏರಿಸುತ್ತಿದ್ದ, ಕೊಬ್ಬರಿ ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಹಾಕಿ ಬರುತ್ತಿದ್ದ. ಊರಿನವರು "ಮೈದುನ ಅಂದ್ರೆ ಹಿಂಗಿರ್ಬೇಕು" ಎನ್ನುತ್ತಿದ್ದರು. ಆದರೆ ಆ ಮೂಲೆಗೆ ಮಾತ್ರ ನನ್ನ ಜೊತೆ ಒಂದು ದಿನವೂ ಬಂದು ಕೂತವನಲ್ಲ. ಸಂಕಟ ತಡೆಯಲಾರ ಪಾಪ, ಎಂದುಕೊಂಡಿದ್ದೆ.

ಈ ವರ್ಷ ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಕಂದಕ ತೆಗೆಸೋಣ ಎಂದುಕೊಂಡೆ. ತೆಂಗಿನ ಸಾಲುಗಳ ನಡುವೆ ಉದ್ದಕ್ಕೂ ತೋಡಿ, ಸಿಪ್ಪೆ, ಗರಿ ತುಂಬಿ ಮುಚ್ಚಿದರೆ ಬೇಸಿಗೆಯಲ್ಲಿ ಬೇರಿಗೆ ತೇವ ನಿಲ್ಲುತ್ತದೆ. ಮೈದುನ ಕೊಬ್ಬರಿ ಲೋಡಿನ ಜೊತೆ ತಿಪಟೂರಿಗೆ ಹೋಗಿದ್ದ ದಿನವೇ ಜೆಸಿಬಿ ಬಂತು. ಓಡಿಸುವವನು ಕೆಂಕೆರೆ ಕಡೆಯವನು, ನಲವತ್ತರ ಆಸುಪಾಸು, ಮೆತ್ತನೆ ಮಾತಿನವನು. ತೋಟದೊಳಕ್ಕೆ ಬರುತ್ತಿದ್ದ ಹಾಗೇ ಸುತ್ತ ನೋಡಿ ಸ್ವಲ್ಪ ಮಂಕಾದ. ನಾನು ಮೊದಲೇ ಎಚ್ಚರಿಸಿದೆ: "ಆ ಮೂಲೆ ಕಡೆ ಮಾತ್ರ ಹೋಗ್ಬ್ಯಾಡಪ್ಪ. ನಮ್ಮ ಯಜಮಾನ್ರವ್ರೆ ಅಲ್ಲಿ." ಅವನು ಏನೋ ಹೇಳಲು ಬಾಯಿ ತೆಗೆದು, ಹೇಳದೆ ಹೋಗಿ ಯಂತ್ರ ಹತ್ತಿದ.

ಮೊದಲನೇ ಸಾಲು ಆಯಿತು, ಎರಡನೆಯದೂ ಆಯಿತು. ಮೂರನೇ ಸಾಲಿನ ನಡುವೆ ನಮ್ಮದೊಂದು ಸೊಟ್ಟ ಮರವಿದೆ, ಯಾವ ಕಾಲದಲ್ಲೋ ಗಾಳಿಗೆ ಬಾಗಿ ಹಾಗೇ ಬೆಳೆದದ್ದು. ಅದರ ಹತ್ತಿರ ಬಂದವನು ಯಂತ್ರ ನಿಲ್ಲಿಸಿ ಇಳಿದುಬಿಟ್ಟ.

"ಇಲ್ಲಿ ತೋಡಕ್ಕಾಗಲ್ಲಮ್ಮ."

"ಯಾಕೆ? ಬಂಡೆ ಐತಾ?"

"ಬಂಡೆ ಇರೋದು ಆ ಮೂಲೇಲಿ ಅಮ್ಮ. ಇಲ್ಲಿ..." ಎಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಅವತ್ತು ಗುಂಡಿ ತೋಡಾಕೆ ಬಂದೋನು ನಾನೇ ಕಣಮ್ಮ. ಮನೆಯೋರು ಫೋನಲ್ಲಿ ಹೇಳಿದ್ರಂತೆ, ಮೊದ್ಲು ಆ ಹಳೇ ಗದ್ದಿಗೆ ಪಕ್ಕದಲ್ಲೇ ತೋಡ್ದೆ. ಮೂರಡಿಗೇ ಬಂಡೆ ಸಿಕ್ತು. ಆಳ ಸಾಲ್ದು ಅಂದ್ರು ತಾಲ್ಲೂಕಾಫೀಸಿನೋರು. ಅದನ್ನ ಮುಚ್ಚಿ ಇಲ್ಲಿ ತೋಡ್ದೆ. ಆಮೇಲೆ ನಾಯಿ ಕೆದಕ್ದಿರ್ಲಿ ಅಂತ ಮಟ್ಟ ಮಾಡಿ ಮೇಲೆ ಒಣ ಗರಿ ಹೊದಿಸ್ದೆ. ಈ ಸೊಟ್ಟ ಮರ ಹೆಂಗೆ ಮರೀಲಿ? ನಿಮ್ಮ ಯಜಮಾನ್ರು ಇಲ್ಲವ್ರೆ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನು ಮಾಡಿದ್ದೂ ಅದನ್ನೇ. "ಏನಯ್ಯಾ, ಬಾಯಿಗೆ ಬಂದಂಗೆ ಮಾತಾಡ್ತೀಯ? ಮುಂದೆ ನಿಂತು ಮಣ್ಣು ಹಾಕಿರೋನು ಅವ್ರ ಒಡಹುಟ್ಟಿದ ತಮ್ಮ. ಅವ್ನಿಗೆ ಗೊತ್ತಿಲ್ದೆ ಇರೋದು ನಿನಗೆ ಗೊತ್ತಾ?" ಎಂದು ಅರಚಾಡಿದೆ.

ನಾನು ಅರಚಿ ಮುಗಿಸುವ ತನಕ ಕಾದು, ಆಮೇಲೆ ಅವನು ಹೇಳಿದ. "ತಮ್ಮ ಯಾರೂ ಬರ್ಲಿಲ್ಲಮ್ಮ. ಆಂಬುಲೆನ್ಸಿನೋರು ಹಾರನ್ ಹೊಡುದ್ರು, ಕೂಗಿದ್ರು. ಅರ್ಧ ಗಂಟೆ ಕಾದೊ. ಒಂದು ಬಾಗ್ಲೂ ತೆಗೀಲಿಲ್ಲ. ಪ್ಲಾಸ್ಟಿಕ್ ಬಟ್ಟೆ ಹಾಕಿದ್ದ ನಾಕು ಜನ ಇಳ್ಸಿ, ಕೈ ಮುಗ್ದು ಹೊಂಟೋದ್ರು. ಬರೀ ಮಿಷನ್ನಿನ ಬಕೆಟ್ಟಲ್ಲಿ ಮಣ್ಣು ತಳ್ಳಾಕೆ ನನಗೆ ಮನಸ್ಸು ಬರ್ಲಿಲ್ಲ. ನಮ್ಮ ಜಾತಿ ಬೇರೆ, ತಪ್ಪು ತಿಳೀಬ್ಯಾಡಿ. ಇಳ್ದು ಮೂರು ಹಿಡಿ ನಾನೇ ಹಾಕ್ದೆ."

ನಾನು ಅಲ್ಲೇ ಕುಸಿದು ಕೂತೆ. ಕೂತದ್ದೆಲ್ಲಿ ಎಂದು ಹೊಳೆದ ತಕ್ಷಣ ಕೈಯೂರಿ ಅತ್ತ ಸರಿದೆ. ನಾಲ್ಕು ವರ್ಷದಿಂದ ತೋಟದ ಒಣ ಗರಿಯನ್ನೆಲ್ಲ ನಾನು ಆ ಜಾಗದಲ್ಲೇ ರಾಶಿ ಹಾಕಿಸಿದ್ದೆ. ಹಸು ಕಟ್ಟಿದ್ದೆ. ಬೆಳಿಗ್ಗೆ ಬೆಳಿಗ್ಗೆ ಅದರ ಮೇಲೇ ನಡೆದು ಮೂಲೆಗೆ ಹೋಗಿ, ಬಂಡೆಯ ಮೇಲಿನ ಮೂರಡಿ ಮಣ್ಣಿಗೆ ದೀಪ ಹಚ್ಚಿ ನನ್ನ ಸಂಕಟ ತೋಡಿಕೊಂಡಿದ್ದೆ. ಲಿಂಗ ಅಲ್ಲಿ, ಅವರಿಲ್ಲಿ. ಅದು ತಡವಾಗಿಯೂ ತಲುಪಿರಲಿಲ್ಲ.

ಅವನಿಗೆ ಕಾಫಿ ಕೊಟ್ಟೆ. ಬೈದದ್ದಕ್ಕೆ ಕ್ಷಮಿಸಪ್ಪ ಎಂದು ಹೇಳಲು ಬಾಯಿ ಬರಲಿಲ್ಲ. ಲೋಟ ತೊಳೆಯಲು ಹೋದವನ ಕೈಯಿಂದ ಕಸಿದುಕೊಂಡು ನಾನೇ ತೊಳೆದೆ.

ಮಧ್ಯಾಹ್ನ ಮೂರು ಗಂಟೆಗೆ ಮೈದುನ ಬಂದ. ಮೂರನೇ ಸಾಲಿನಲ್ಲಿ ಕಂದಕ ಅರ್ಧಕ್ಕೇ ನಿಂತಿರುವುದನ್ನೂ, ಸೊಟ್ಟ ಮರದ ಬುಡದಲ್ಲಿ ನಾನು ಕೂತಿರುವುದನ್ನೂ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಂದು ಮಾತೂ ಆಡುವ ಮೊದಲೇ ಅವನ ಮುಖ ಬಿಳಿಚಿಕೊಂಡಿತು.

"ಅವತ್ತು ಎಲ್ಲಿದ್ದೆ ನೀನು?" ಎಂದೆ. ಬಸ್ಸಿನಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ. ನಾಲ್ಕು ವರ್ಷದಲ್ಲಿ ಅವನನ್ನು ನಾನು ಕೇಳಿರಲೇ ಇಲ್ಲ.

ಅವನು ನೆಲ ನೋಡಿಕೊಂಡು ಹೇಳಿದ. "ಅಟ್ಟದ ಮೇಲಿದ್ದೆ ಅತ್ಗೆ. ಆಂಬುಲೆನ್ಸ್ ಸದ್ದು ಕೇಳ್ತು. ಹೊಸ್ಲು ದಾಟಾಕೆ ಕಾಲೇ ಬರ್ಲಿಲ್ಲ. ಮನೇಲಿ ಮಕ್ಕಳವ್ರೆ, ನನಗೂ ಬಂದ್ರೆ ಅಂತ. ಅಟ್ಟ ಹತ್ತಿ ಕಾಯಿ ರಾಶಿ ಮೇಲೆ ಕೂತ್ಕಂಬುಟ್ಟೆ. ಆ ಮಿಷನ್ನಿನ ಸದ್ದು ತಡ್ಯಾಕಾಗ್ಲಿಲ್ಲ. ಎಲ್ಡು ಕೈಲೂ ಒಂದೊಂದು ಕಾಯಿ ಹಿಡ್ಕಂಡು ಕಿವಿ ಹತ್ರ ಕುಲುಕ್ತಾ ಇದ್ದೆ. ಗಡಗಡ, ಗಡಗಡ. ಸದ್ದು ನಿಲ್ಲೋಗಂಟ ಕುಲುಕಿದೆ. ಎಲ್ಡು ದಿನ ಬಿಟ್ಟು ತೋಟಕ್ಕೆ ಬಂದು ನೋಡಿದ್ರೆ ಅಪ್ಪಯ್ಯನ ಪಕ್ಕ ಹೊಸ ಮಣ್ಣು ಕಾಣಿಸ್ತು. ಅಲ್ಲೇ ಅನ್ಕಂಡೆ."

ಹೇಳಿ, ಸಣ್ಣ ಮಗುವಿನ ಹಾಗೆ ಅತ್ತ. ಐವತ್ತು ದಾಟಿದ ಗಂಡಸು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತ್ತು, ಸುಳ್ಳೇಕೆ ಹೇಳಲಿ. ಮಧ್ಯಾಹ್ನದಿಂದ ಅದಕ್ಕೆಂದೇ ಕಾದು ಕೂತಿದ್ದೆ. ಆದರೆ ಅವನು ಅಳುತ್ತಿರುವಾಗ ನನ್ನ ಕಣ್ಣ ಮುಂದೆ ಬಂದದ್ದು ಜಗಲಿಯ ಕಂಬ, ಬರೀ ಎದೆಯ ಮೇಲೆ ಇಟ್ಟುಕೊಂಡ ಆ ಅಂಗೈ. ಇವನು ಹೆದರಿ ಅವರನ್ನು ಕೈಬಿಟ್ಟ, ನಾನು ಬೆಳ್ಳಿಗಾಗಿ ಕೈಬಿಟ್ಟೆ. ಇವನಿಗಿಂತ ನಾನು ಯಾವುದರಲ್ಲಿ ಮೇಲು?

"ಅಳ್ಬ್ಯಾಡ, ಹಾರೆ ತಗಂಬಾ" ಎಂದೆ. ಹಾರೆ ಏಕೆಂದು ಅವನು ಕೇಳಿದಾಗ ಲಿಂಗದ ಕಥೆ ಹೇಳಿದೆ. ಬಾಯಿಬಿಟ್ಟು ಯಾರಿಗಾದರೂ ಅದನ್ನು ಹೇಳಿದ್ದು ಅದೇ ಮೊದಲು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂಲೆಯಲ್ಲಿ ತಾನೇ ಕಟ್ಟಿದ್ದ ಗದ್ದಿಗೆಯ ಕಲ್ಲುಗಳನ್ನು ಅವನು ಒಂದೊಂದಾಗಿ ಎತ್ತಿಟ್ಟ. ಹಾರೆ ತಗುಲಿ ಏನಾದರೂ ಆದೀತೆಂದು ಸ್ವಲ್ಪ ಅಗೆದ ಮೇಲೆ ಕೈಯಲ್ಲೇ ಮಣ್ಣು ತೆಗೆಯತೊಡಗಿದ. ಸಿಗದಿದ್ದರೆ ಎಂದು ನಾನು ಗುಂಡಿಯ ಮೇಲೇ ಬಾಗಿ ನಿಂತಿದ್ದೆ. ಸಿಕ್ಕಿತು. ದಾರ ಕೊಳೆತುಹೋಗಿ, ಬೆಳ್ಳಿ ಕಾವಲಿಯಂತೆ ಕಪ್ಪಾಗಿತ್ತು. ಉಗುರಿನಿಂದ ಮುಚ್ಚಳ ಎಬ್ಬಿಸಿದರೆ ಒಳಗೆ ಲಿಂಗ ಇಟ್ಟ ಹಾಗೇ ಇತ್ತು.

ಸೊಟ್ಟ ಮರದ ಬುಡದಲ್ಲಿ ಅವನೇ ಆಳಕ್ಕೆ ತೋಡಿದ. ನಾನು ಲಿಂಗವನ್ನಿಟ್ಟೆ. ವಿಭೂತಿ ಇಟ್ಟೆ, ಬಿಲ್ವಪತ್ರೆ ಇಟ್ಟೆ. "ಈಗ ಹಾಕು" ಎಂದೆ. ಅವನು ಮಂಡಿಯೂರಿ ಕೂತು ಒಂದು ಹಿಡಿ ಹಾಕಿದ. ಎರಡನೆಯದು ಹಾಕಿದ. ಮೂರನೇ ಹಿಡಿಯನ್ನು ಹಿಡಿದುಕೊಂಡು ಕೈ ಬಿಡಲಾರದೆ ಹಾಗೇ ಕೂತಿದ್ದ. ನಾನು ಅವನ ಮುಷ್ಟಿಯ ಕೆಳಗೆ ಕೈಯಿಟ್ಟು ಬಿಡಿಸಿದೆ. ಅವರಿಗೆ ಅವರ ಲಿಂಗ ಸೇರಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಮಾರನೇ ಬೆಳಿಗ್ಗೆ ಕಾಫಿ ಲೋಟ ಹಿಡಿದು ಸೊಟ್ಟ ಮರದ ಹತ್ತಿರ ಹೋದೆ. ದೀಪ ಹಚ್ಚಿದೆ, ಕೂತೆ. ಮಾತು ಬರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅವರೆದುರು ಹೀಗೇ ಬಾಯಿ ಕಟ್ಟಿ ಕೂತಿರುತ್ತಿದ್ದೆ. ಏನು ಹೇಳಲಿ? ಹಸು, ಕಣ್ಣಿನ ಪೊರೆ, ಕೊಬ್ಬರಿ ರೇಟು ಎಲ್ಲವನ್ನೂ ಮೂಲೆಯಲ್ಲಿ ಹೇಳಿ ಮುಗಿಸಿದ್ದೆ. ಅದರಲ್ಲಿ ಒಂದು ಮಾತೂ ಇವರಿಗೆ ತಲುಪಿಲ್ಲ. ಮೊದಲಿಂದ ಹೇಳೋಣವೆಂದರೆ ನಾಲ್ಕು ವರ್ಷವನ್ನು ಎಲ್ಲಿಂದ ಹಿಡಿಯಲಿ? ಕಾಫಿ ಆರಿತು. ಎದ್ದೆ.

ಕಾಲು ಅದರ ಪಾಡಿಗೆ ಮೂಲೆಗೆ ನಡೆಯಿತು. ಕಲ್ಲುಗಳೆಲ್ಲ ಪಕ್ಕದಲ್ಲಿ ಬಿದ್ದಿದ್ದವು. ಅಗೆದ ಗುಂಡಿ ಹಾಗೇ ಬಾಯಿ ತೆರೆದುಕೊಂಡಿತ್ತು. ಅಲ್ಲಿ ಈಗ ಅವರೂ ಇರಲಿಲ್ಲ, ಲಿಂಗವೂ ಇರಲಿಲ್ಲ. ಅದರ ಅಂಚಿನಲ್ಲಿ ದಿನಾ ಕೂರುವ ಜಾಗದಲ್ಲೇ ಕೂತೆ. ಆಗ ಮಾತು ಬಂತು.

"ರೀ, ಕೇಳಿದ್ರಾ?" ಎಂದೆ. "ನೀವು ಇಲ್ಲಿಲ್ಲವಂತೆ ಕಣ್ರೀ."